ಬೆಂಕಿಗ್ವಾಡಿಯ ತಕ್‌ಪಟ್ಟಿ

ಇಪ್ಪತ್ತು ದಿನದಾಗ ಇದು ಒಂಬತ್ತನೇ ಸಲ.
ಗಂಜಿನ ಆಫೀಸಿನ ಹಿಂದಿನ ಖೋಲ್ಯಾಗ
ಖಾಲಿ ಚೀಲದ ಥಪ್ಪಿ ಬಾಜು
ಫರಸಿ ಮ್ಯಾಲ ಕುಂತ ಕರೀ ಡಬ್ಬಿ
ಸದ್ದಿಲ್ಲದ ಸಾಯ್ತದ. ಮೂರು ನಿಮಿಷಕ್ಕ
ತಾನೇ ಎದ್ದು ಕೂಡ್ತದ,
ಏನೂ ಆಗಿಲ್ಲ ಅಂಬೋರಂಗ.

ಆ ಮೂರು ನಿಮಿಷದಾಗೇ
ತೊಗರಿ ಟೆಂಡರಿನ ಕಿಡಕಿ ಮುಚ್ಚಿರ್ತದ.
ಹೊರಗ ದಲಾಲ್ ಅಂಗಡಿ ಮಂದಿ ಫೋನ್ ಎತ್ತಿ ಹಿಡಿದು
ಮುಗಿಲಿಗಿ ತೋರಸ್ತಾರ.
ಸೆಕ್ರೆಟರಿ ಬಾಬುಮಿಯಾ ಕನ್ನಡಕ ಒರಸ್ಕೋತ
‘ಮತ್ತ ಬಿತ್ತೇನಪಾ ನಿಂದು ಬೆಂಕಿಗ್ವಾಡಿ?’ ಅಂತಾರ.
ಅವರ ಬಾಯಾಗ ಫೈರ್‌ವಾಲ್ ಹಂಗೇ ಕನ್ನಡ ಆಗ್ಯಾದ.

ಮೊದಲ ಬಿಸಲಿನ ಮ್ಯಾಲ ಹಾಕಿದೆ.
ನಲ್ವತ್ಮೂರು ಡಿಗ್ರಿ; ಕಲಬುರಗಿದಾಗ
ಯಾವ ತಪ್ಪಾದ್ರೂ ಬಿಸಲಿನ ಖಾತೆಕ್ಕ ಬರಕೋಬಹುದು.
ಕೂಲರ್ ಅದರ ಕಡಿ ತಿರುವಿ ನಾ ಬೆವತೆ.
ಬಿತ್ತು.
ಧೂಳಿನ ಮ್ಯಾಲ ಹಾಕಿದೆ. ಬ್ರಷ್ ಹಿಡಿದು
ಫ್ಯಾನಿನ ರೆಕ್ಕಿಲಿಂದ ತೊಗರಿ ಹೊಟ್ಟು ತೆಗೆದೆ, ಒಂದು ಮುಷ್ಟಿ.
ಬಿತ್ತು.
ರ‍್ಯಾಮ್ ಕಡ್ಡಿ ಎರಡೂ ಬದಲಿ, ಕರೆಂಟಿನ ಡಬ್ಬಿ ಬದಲಿ,
ಸೇಡಂ ರೋಡಿನ ಅಂಗಡ್ಯಾಗ ಉದ್ರಿ ಬರಸಿ.
ಎರಡು ದಿನ ನಿಂತು, ನನ್ನ ನಂಬಸಿ,
ಶುಕ್ರವಾರ ನಮಾಜಿನ ಹೊತ್ತಿಗಿ ಬಿತ್ತು.

ಸಾಯೋ ಮುಂಚೆ ಅದು ಏನೋ ಅಂತದ.
ಪರದಾ ಮ್ಯಾಲ ಬೆಳ್ಳನ್ನ ಅಕ್ಷರ, ಕಣ್ಣು ಹಾಯಿಸೋದ್ರಾಗ ಕರಿ.
ಡಿಸ್ಕಿನ ಮ್ಯಾಲ ಬರೀಲಿಕ್ಕ ಆಗ ಅದಕ್ಕ ಕೈಯೇ ಇರಂಗಿಲ್ಲ.
ಅದಕ್ಕಂತ ಮೂಲ್ಯಾಗ ಬಿದ್ದ ಹಳೀ ಪ್ರಿಂಟರ್ ತಂದೆ,
ಕರ್‌ಕರ್ ಅಂತ ಕಡಿಯೋ ಸೂಜಿಹಲ್ಲಿಂದು;
ಸೀರಿಯಲ್ ವೈರ್ ಕಟ್ಟಿ, ಅದರ ಬಾಯಿಗಿ ಕಿವಿ ಇಟ್ಟೆ.
ಹಾಳಿ ಇರಲಿಲ್ಲ. ಉಳಿದ ತಕ್‌ಪಟ್ಟಿ ಬಂಡಲ್ ಏರಿಸಿದೆ:
ರೈತನ ಹೆಸರು, ಚೀಲ, ತೂಕ, ಹಮಾಲಿ, ದರ.

ಈಗ ಬೀಳಲಿ ಅಂತ ಕಾದೆ; ಬೀಳವಲ್ದು.
ಚೀಲದ ಮ್ಯಾಲ ಎರಡು ರಾತ್ರಿ ಮಲಗಿದೆ,
ತೊಗರಿ ತಿಂದು ಬ್ಯಾಸತ್ತ ಇಲಿ ನನ್ನ ಚಪ್ಪಲಿ ಉಂಗುಟ ಕಡೀತು.
ಡಾಕ್ಟರ ಮುಂದ ನಿಂತಕೂಡ್ಲೆ ಬ್ಯಾನಿ ಹ್ಯಾಂಗ ಓಡ್ತದ,
ಹಂಗ ನಿಂತಿತ್ತು ನನ್ನ ಮುಂದ, ಘಟ್ಟಿಮುಟ್ಟಾಗಿ.

ಆಮ್ಯಾಲ ವಾರದಾಗ ಮೂರು ಸಾವು, ಮೂರು ಪಟ್ಟಿ.
ರೈತನ ಹೆಸರಿನ ಜಾಗಾದಾಗ ‘ಪ್ಯಾನಿಕ್’,
ತೂಕದ ಖಾನೆದಾಗ ಹದಿನಾರರ ಲೆಕ್ಕದ ಅಂಕಿ,
ಹಮಾಲಿ ಖಾಲಿ.

ಕಾಳು ಹಸನ ಮಾಡೋ ಜಗದೇವಿ
ಕಸಬರಿಗಿ ಗ್ವಾಡಿಗಿ ಆನಿಸಿ ಕೇಳಿದಳು:
‘ಕರ್ನಲ್ ಅಂದ್ರ ಏನ್ ತಮ್ಮಾ?’
ಸಿಪ್ಪಿ ಒಳಗಿನ ಬ್ಯಾಳಿ, ಯವ್ವಾ, ಅಂದೆ.
‘ಹಂಗಿದ್ರ ಹೊರಗ ಯಾಕ ಒರಸ್ಲತ್ತಿ? ನುಸಿ ಒಳಗಿರ್ತದ.’
ಅಕ್ಷರ ಬರಲಾರದಾಕಿ, ಮೂರೂ ಪಟ್ಟಿ
ಮರದಾಗಿನ ಕಾಳಿನಂಗ ಹರವಿ ಉಗುರು ಇಟ್ಟಳು:
‘ಇದೊಂದು ಸಾಲು ಮೂರರಾಗೂ ಒಂದೇ ಮಾರಿ ಅದ ನೋಡು.
ಉಳದದ್ದು ಬ್ಯಾರೆ ಬ್ಯಾರೆ.’

ಖರೆ. ಅದೇ ವಿಳಾಸ, ಅದೇ ಅಂಕಿಬಾಲ,
ಮೂರು ಸಲಾನೂ ಅದೇ ಹೊಸ್ತಿಲಿಗಿ ಎಡವ್ಯಾದ.
ಬಿಸಲಾಗಿದ್ರ ದಿನಕ್ಕೊಂದು ಕಡಿ ಎಡವತಿತ್ತು.
ನೆಟ್‌ವರ್ಕ್ ಕಾರ್ಡಿನ ಡ್ರೈವರಿನ್ಯಾಗ
ಯಾರೋ ಬರೆದ ಒಂದು ಸಾಲು,
ನಾ ಕಾಣದ ಊರಾಗ. ಥಂಡಿ ಇತ್ತೋ ಏನೋ ಅವತ್ತ,
ಚಾ ಆರ್ತದಂತ ಅವಸರ ಇತ್ತೋ ಏನೋ.
ನಾ ಸುಮ್ಮನ ಇಷ್ಟು ದಿನ ಕಲಬುರಗಿಗಿ ಬೈದೆ.

ಕಾರ್ಡ್ ಬದಲಿ ಮಾಡೀನಿ, ಬ್ಯಾರೆ ಕಂಪನಿದು.
ನಲ್ವತ್ತು ದಿನ ಆಯ್ತು.
ಯಾವ ಮಿಲ್ಲಿನ ಯಾವ ಪೊಟ್ಟಣ ಬಂದು ಬಡೀತಿತ್ತು
ಅದು ಇನ್ನೂ ಗೊತ್ತಿಲ್ಲ. ರಜಿಸ್ಟರಿನ್ಯಾಗ
‘ಕಾರಣ’ ಅಂಬೋ ಖಾನೆ ಖಾಲಿ ಬಿಟ್ಟಿದ್ದೆ;
ಬಾಬುಮಿಯಾ ಅದರಾಗ ಪೆನ್ಸಿಲಿಲೆ ‘ಬಿಸಲು’ ಅಂತ ಬರದಾರ.

ಪ್ರಿಂಟರ್ ಇನ್ನೂ ಬಿಚ್ಚಿಲ್ಲ.
ಒಮ್ಮೊಮ್ಮೆ ಮಧ್ಯಾಹ್ನ ಜಗದೇವಿ ಇಣುಕಿ
‘ಏನರೆ ಅಂತೇನು?’ ಅಂತ ಕೇಳ್ತಾಳ.
ಇಲ್ಲ ಯವ್ವಾ.
ಹೆಸರಿಲ್ಲದ, ದರ ಇಲ್ಲದ ತಕ್‌ಪಟ್ಟಿ
ಕೂಲರ್ ಗಾಳಿಗಿ ಜರಾ ತಲಿ ಎತ್ತಿ
ಮತ್ತ ಮಲಗ್ತದ.